ಕೋಠಿಯ ಕಂಬಗಳಲ್ಲಿ ಕೊಡಂಗಲ್ಲಿನ ಪಾಲು

ಕೊಡಂಗಲ್ ಎಂಬ ಊರಿನ ಹೆಸರು ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ದಿನವೂ ಕೇಳಿಬರುವಂಥದ್ದಲ್ಲ. ಅದರ ನೆರೆಯ ತಾಂಡೂರಿನ ಹೆಸರನ್ನಾದರೂ ಮನೆ ಕಟ್ಟಿಸಿದವರು ಕೇಳಿರಬಹುದು. ನೆಲಕ್ಕೆ ಹಾಸುವ ನೀಲಿ ಮತ್ತು ಹಳದಿ ಕಲ್ಲು ಅಲ್ಲಿಂದ ದೇಶದ ನಾನಾ ಕಡೆಗೆ ಹೋಗುತ್ತದೆ. ಆದರೆ ಕೊಡಂಗಲ್ಲಿಗೂ ನಮಗೂ ಒಂದು ನಂಟು ಇದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಒಂದು ಕಲಮು ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಸೇರಿಸಿತು. ಅದೇ ಕಾಯಿದೆಯ ಇನ್ನೊಂದು ಕಲಮು ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನೂ, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕನ್ನೂ, ಜಹೀರಾಬಾದ್ ತಾಲೂಕಿನ ಬಹುಭಾಗವನ್ನೂ ಆಂಧ್ರ ಪ್ರದೇಶಕ್ಕೆ ಸೇರಿಸಿತು. ಎರಡೂ ಜಾರಿಗೆ ಬಂದದ್ದು ನವೆಂಬರ್ 1ರಂದು. ಒಂದೇ ಹಗಲು ಎರಡು ಕಡೆಯ ಕನ್ನಡ ಮನೆಗಳವರು ಅಲ್ಪಸಂಖ್ಯಾತರೆನಿಸಿದರು.

2014ರಲ್ಲಿ ತೆಲಂಗಾಣ ಬೇರೆ ರಾಜ್ಯವಾಯಿತು. 2016ರಲ್ಲಿ ಅಲ್ಲಿ ಹೊಸ ಜಿಲ್ಲೆಗಳು ಹುಟ್ಟಿದವು. ಕೊಡಂಗಲ್ ಮತ್ತು ತಾಂಡೂರು ವಿಕಾರಾಬಾದ್ ಜಿಲ್ಲೆಗೆ, ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ ಸೇರಿದವು. ಈ ವಿಕಾರಾಬಾದಿನ ಪಕ್ಕದಲ್ಲಿ ಅನಂತಗಿರಿ ಎಂಬ ಗುಡ್ಡಸಾಲಿದೆ. ಅಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಾಗಿಣಾ ನದಿ ತಾಂಡೂರಿನ ಕಡೆಯಿಂದ ಹರಿದು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡವನ್ನು ದಾಟಿ ಭೀಮೆಯನ್ನು ಸೇರುತ್ತದೆ. ಮೂಸಿ ನದಿ ಪೂರ್ವಕ್ಕೆ ಹೈದರಾಬಾದಿಗೆ ಹೋಗುತ್ತದೆ. ಒಂದೇ ಗುಡ್ಡದ ನೀರು. ಒಂದು ಪಾಲು ಕನ್ನಡದ ಹಳೆಯ ರಾಜಧಾನಿಗೆ, ಇನ್ನೊಂದು ಪಾಲು ನಿಜಾಮರ ರಾಜಧಾನಿಗೆ.

ಇಂದು ನಾವು ಹೇಳಹೊರಟಿರುವುದು ಆ ಎರಡನೆಯ ನದಿಯ ದಂಡೆಯಲ್ಲಿ ನಿಂತಿರುವ ಒಂದು ಮನೆಯ ವಿಚಾರ. ಹೈದರಾಬಾದಿಗೆ ಹೋದವರಿಗೆ ‘ಕೋಠಿ’ ಎಂಬ ಪೇಟೆ ಗೊತ್ತಿರುತ್ತದೆ. ಬಸ್ಸುಗಳ ಗದ್ದಲ, ಬಟ್ಟೆಯಂಗಡಿಗಳು, ಹಳೆಯ ಪುಸ್ತಕಗಳನ್ನು ರಾಶಿ ಹಾಕಿಕೊಂಡು ಕೂತ ವ್ಯಾಪಾರಿಗಳು. ಕೋಠಿ ಎಂದರೆ ದೊಡ್ಡ ಮನೆ, ಬಂಗಲೆ. ಪೇಟೆಗೆ ಆ ಹೆಸರು ಬಂದದ್ದೇ ಅಲ್ಲಿನ ಒಂದು ಮನೆಯಿಂದ. ಕಂಪೆನಿ ಸರಕಾರದ ರೆಸಿಡೆಂಟ್ ಎಂಬ ಅಧಿಕಾರಿ ವಾಸವಾಗಿದ್ದ, ಇಂಗ್ಲೆಂಡಿನ ಜಮೀನುದಾರರ ಅರಮನೆಗಳ ಮಾದರಿಯ ಮನೆ ಅದು. ಕೊಡಂಗಲ್ಲಿನಿಂದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ಆದರೆ ಅಲ್ಲಿ ಬರೆದ ಒಡಂಬಡಿಕೆಗಳ ನೆರಳು ಬಳ್ಳಾರಿ, ರಾಯಚೂರು, ಸುರಪುರಗಳ ಮೇಲೆಲ್ಲ ಬಿದ್ದಿದೆ. ಅಂಥ ಮನೆಯನ್ನು ಇಂಗ್ಲಿಷರ ಮನೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯೇ? ಈ ಲೇಖನಕ್ಕೆ ಕಾರಣ ಆ ಪ್ರಶ್ನೆ.

ಒಡಂಬಡಿಕೆಯ ಲೆಕ್ಕ

ರೆಸಿಡೆಂಟ್ ಎಂದರೆ ದೇಶೀ ಅರಸನ ರಾಜಧಾನಿಯಲ್ಲಿ ಕಂಪೆನಿಯ ಪರವಾಗಿ ಕೂತ ಪ್ರತಿನಿಧಿ. ಹೆಸರಿಗೆ ರಾಯಭಾರಿ, ಕಾಲಕ್ರಮದಲ್ಲಿ ಅರಸನಿಗಿಂತಲೂ ಬಲಶಾಲಿ. 1798ರಲ್ಲಿ ಹೈದರಾಬಾದಿನ ರೆಸಿಡೆಂಟ್ ಆದವನು ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. 1764ರಲ್ಲಿ ಮದರಾಸಿನಲ್ಲಿ ಹುಟ್ಟಿದವನು. ಪಾರಸಿ, ಹಿಂದುಸ್ಥಾನಿ ಭಾಷೆಗಳನ್ನು ಚೆನ್ನಾಗಿ ಬಲ್ಲವನಾಗಿದ್ದ. ಆತನ ಅಣ್ಣ ವಿಲಿಯಂ ಅದೇ ಹುದ್ದೆಯಲ್ಲಿ ಮೊದಲೇ ಇದ್ದವನು.

ಆ ವರ್ಷದ ಸೆಪ್ಟೆಂಬರ್ 1ರಂದು ನಿಜಾಮ ಅಲಿಖಾನನಿಗೂ ಕಂಪೆನಿಗೂ ಒಂದು ಒಡಂಬಡಿಕೆ ಆಯಿತು. ಅದರಂತೆ ನಿಜಾಮನ ಕೈಕೆಳಗಿದ್ದ ಫ್ರೆಂಚ್ ಅಧಿಕಾರಿಗಳ ಸೈನ್ಯ ಚದರಬೇಕು, ಅದರ ಬದಲಿಗೆ ಕಂಪೆನಿಯ ಆರು ಪಟಾಲಮುಗಳು ಅಲ್ಲಿರಬೇಕು, ಅವುಗಳ ಖರ್ಚಿಗೆಂದು ನಿಜಾಮ ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು. ಅಕ್ಟೋಬರಿನಲ್ಲಿ ಫ್ರೆಂಚ್ ದಳವನ್ನು ಯುದ್ಧವಿಲ್ಲದೆಯೇ ನಿಶ್ಶಸ್ತ್ರಗೊಳಿಸಲಾಯಿತು. ಹೀಗೆ ಸೈನ್ಯವನ್ನು ಸಾಕುವವನು ಒಬ್ಬ, ಆಳುವವನು ಇನ್ನೊಬ್ಬ ಎಂಬ ಏರ್ಪಾಡು ನೆಲೆಗೊಂಡಿತು.

ಮರುವರ್ಷ, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಮುತ್ತಿಗೆಯಲ್ಲಿ ನಿಜಾಮನ ಸೈನ್ಯವೂ ಇತ್ತು. ಟಿಪ್ಪು ಸುಲ್ತಾನನ ರಾಜ್ಯವನ್ನು ಹಂಚಿಕೊಂಡಾಗ ನಮ್ಮ ಕನ್ನಡ ಜಿಲ್ಲೆ, ಎಂದರೆ ಕಾಸರಗೋಡೂ ಒಳಗೊಂಡ ಕರಾವಳಿ, ಕಂಪೆನಿಯ ಪಾಲಾಯಿತು. ಬಳ್ಳಾರಿ, ಕಡಪ ಮೊದಲಾದ ಸೀಮೆಗಳು ನಿಜಾಮನ ಪಾಲಿನಲ್ಲಿದ್ದವು. ಆದರೆ ಆ ಪಾಲು ನಿಜಾಮನ ಕೈಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. 1800ರ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಮುಂದೆ ನಿಂತು ಮಾಡಿಸಿದ ಇನ್ನೊಂದು ಒಡಂಬಡಿಕೆಯಂತೆ ಸೈನ್ಯದ ಖರ್ಚಿನ ಹಣಕ್ಕೆ ಬದಲಾಗಿ ಆ ಸೀಮೆಗಳನ್ನು ನಿಜಾಮ ಕಂಪೆನಿಗೇ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಹಾಗೆ. ಅದನ್ನು ಆಳಲು ಕಂಪೆನಿ ಕಳಿಸಿದ ಅಧಿಕಾರಿ ಯಾರು? ಅದುವರೆಗೆ ನಮ್ಮ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ. ಹೈದರಾಬಾದಿನಲ್ಲಿ ಒತ್ತಿದ ಮುದ್ರೆಗೂ ನಮ್ಮ ಕರಾವಳಿಯ ಕಚೇರಿಗೂ ಇಷ್ಟು ಹತ್ತಿರದ ಸಂಬಂಧವಿತ್ತು.

ಚೀಟಿಯಷ್ಟು ನಕ್ಷೆ

ಇಂಥ ಯಶಸ್ಸು ಕಂಡ ರೆಸಿಡೆಂಟನಿಗೆ ತಕ್ಕ ಮನೆ ಬೇಕೆನಿಸಿತು. ಹೈದರಾಬಾದಿನ ಕೋಟೆಗೋಡೆಯ ಹೊರಗೆ, ಮೂಸಿಯ ಉತ್ತರ ದಂಡೆಯಲ್ಲಿ, ಒಂದು ತೋಟದಲ್ಲಿ ರೆಸಿಡೆಂಟರ ಬಿಡಾರವಿತ್ತು. ಅಲ್ಲೇ ಹೊಸ ಮನೆ ಕಟ್ಟುವುದೆಂದಾಯಿತು.

ಇದರ ಬಗ್ಗೆ ಹೈದರಾಬಾದಿನಲ್ಲಿ ಒಂದು ಕಥೆ ಬಹಳ ಪ್ರಸಿದ್ಧವಾಗಿದೆ. ಕರ್ಕ್‌ಪ್ಯಾಟ್ರಿಕ್ ಮೊದಲು ಬಹು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಸಿ ದರಬಾರಿಗೆ ಒಯ್ದನಂತೆ. ನಿಜಾಮ ಅದನ್ನು ನೋಡಿ ತಲೆಯಾಡಿಸಿ ಇಲ್ಲವೆಂದುಬಿಟ್ಟನಂತೆ. ರೆಸಿಡೆಂಟ್ ಪೆಚ್ಚಾಗಿ ಹೊರಬಂದಾಗ ದಿವಾನ ನಕ್ಕು, ‘ನಮ್ಮ ರಾಜ್ಯದ ಭೂಪಟಗಳೇ ಇದಕ್ಕಿಂತ ದೊಡ್ಡವಿಲ್ಲ, ಇಷ್ಟು ನೆಲ ಕೇಳಿದರೆ ಯಾರು ಕೊಟ್ಟಾರು? ಚಿಕ್ಕದಾಗಿ ಬರೆಸಿ ತನ್ನಿ’ ಎಂದನಂತೆ. ಮುಂದಿನ ಸಲ ಅದೇ ನಕ್ಷೆ ಒಂದು ಸಣ್ಣ ಚೀಟಿಯ ಮೇಲೆ ಬಂತು, ನಿಜಾಮ ಒಪ್ಪಿದ. ಕಥೆಯಲ್ಲಿ ನಿಜವೆಷ್ಟೋ, ಉಪ್ಪುಖಾರವೆಷ್ಟೋ. ಆದರೆ ನೆಲ ಹೋಗುವ ರೀತಿಯನ್ನು ಅದು ಚೆನ್ನಾಗಿ ಹೇಳುತ್ತದೆ. ನಕ್ಷೆ ಚಿಕ್ಕದಾದ ಮಾತ್ರಕ್ಕೆ ನೆಲ ಚಿಕ್ಕದಾಗುವುದಿಲ್ಲ ಎಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಮೊದಲಾದದ್ದು 1803ರಲ್ಲಿ. ಅದೇ ವರ್ಷ ನಿಜಾಮ ಅಲಿಖಾನ ತೀರಿಕೊಂಡು ಮಗ ಸಿಕಂದರ್ ಜಾಹ್ ಪಟ್ಟಕ್ಕೆ ಬಂದಿದ್ದ. ಮನೆಯ ರೂಪ ಹಾಕಿದವನು ಮದರಾಸು ಎಂಜಿನಿಯರ್ ದಳದ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ರಸಲ್. ಕಟ್ಟಿದವರು ಈ ನೆಲದ ಗಾರೆಯವರು, ಕಲ್ಲುಕುಟಿಗರು, ಬಡಗಿಗಳು. ಖರ್ಚು ಕೊಟ್ಟದ್ದು ನಿಜಾಮನ ಬೊಕ್ಕಸ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ನಿಜಾಮನ ಬೊಕ್ಕಸವೆಂದರೆ ಏನು? ಆ ಕಾಲದಲ್ಲಿ ಅದು ಮುಖ್ಯವಾಗಿ ಭೂಕಂದಾಯ. ಕೊಟ್ಟವನು ರೈತ. ನಿಜಾಮನ ರಾಜ್ಯ ತೆಲುಗರದಷ್ಟೇ ಅಲ್ಲ. ಮರಾಠವಾಡವೂ ಅದರಲ್ಲಿತ್ತು, ಗುಲ್ಬರ್ಗ, ಬೀದರ, ರಾಯಚೂರುಗಳ ಕನ್ನಡ ಸೀಮೆಯೂ ಇತ್ತು. ಕಪ್ಪು ಎರೆಭೂಮಿಯಲ್ಲಿ ಜೋಳ, ತೊಗರಿ ಬೆಳೆದವರ ಬೆವರೂ ಆ ಕಂಬಗಳಿಗೆ ಸುಣ್ಣವಾಗಿದೆ. ಮನೆಯ ಮುಂದಿನ ಫಲಕದಲ್ಲಿ ಯಾರ ಹೆಸರಾದರೂ ಇರಲಿ, ಲೆಕ್ಕದ ಪುಸ್ತಕದಲ್ಲಿ ಕೊಡಂಗಲ್ಲಿನಂಥ ಊರುಗಳ ಪಾಲು ಇದ್ದೇ ಇದೆ.

ಮನೆಯ ಒಳಹೊರಗು

ಇನ್ನು ಮನೆಯನ್ನು ನೋಡೋಣ. ನಮ್ಮ ಕಡೆಯ ಹಳೆಯ ಮನೆಯೆಂದರೆ ಮುರಕಲ್ಲಿನ ಗೋಡೆ, ಇಳಿಜಾರು ಮಾಡು, ಜಗಲಿ, ಚಾವಡಿ, ನಡುಮನೆ, ಮೇಲೊಂದು ಉಪ್ಪರಿಗೆ. ಮಳೆಗೆ ಹೆದರಿ ತಲೆ ತಗ್ಗಿಸಿ ಕೂತ ಮನೆ ಅದು. ಕೋಠಿಯ ಮನೆ ತಲೆಯೆತ್ತಿ ನಿಂತ ಮನೆ. ಬರುವವನಿಗೆ ತಾನು ಚಿಕ್ಕವನೆಂದು ತೋರಬೇಕು ಎಂಬ ಲೆಕ್ಕಾಚಾರದಿಂದಲೇ ಅದನ್ನು ಕಟ್ಟಿದ್ದಾರೆ.

ಮನೆಯ ಮುಖ ಉತ್ತರಕ್ಕೆ, ನದಿಗೆ ಬೆನ್ನು. ಎದುರಿಗೆ 22 ಅಗಲವಾದ ಮೆಟ್ಟಿಲುಗಳು, ಅವುಗಳ ಎರಡು ಮಗ್ಗುಲಿಗೆ ಎರಡು ದೊಡ್ಡ ಸಿಂಹಗಳು. ಮೆಟ್ಟಿಲೇರಿದರೆ ಸುಮಾರು 40 ಅಡಿ ಎತ್ತರದ ಆರು ಕಂಬಗಳ ಮುಖಮಂಟಪ. ಕಂಬದ ತಲೆಯಲ್ಲಿ ಅಕಾಂಥಸ್ ಎಂಬ ಮುಳ್ಳಂಚಿನ ಎಲೆಗಳನ್ನು ಗೊಂಚಲಾಗಿ ಸುತ್ತಿದ ಕೆತ್ತನೆ. ಗ್ರೀಕರಿಂದ ರೋಮನರಿಗೆ ಬಂದ ಈ ಬಗೆಗೆ ಕೊರಿಂಥಿಯನ್ ಶೈಲಿ ಎನ್ನುತ್ತಾರೆ. ಕಂಬಗಳ ಮೇಲೆ ತ್ರಿಕೋನಾಕಾರದ ಹಣೆ. ಆ ಹಣೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಲಾಂಛನ. ಕಂಪೆನಿ ಹೋಗಿ ಒಂದೂವರೆ ಶತಮಾನ ಕಳೆದರೂ ಅದು ಅಲ್ಲಿಯೇ ಉಳಿದಿದೆ.

ಈ ರೂಪ ಎಲ್ಲಿಂದ ಬಂತು? 16ನೆಯ ಶತಮಾನದಲ್ಲಿ ಇಟಲಿಯಲ್ಲಿ ಆಂಡ್ರಿಯಾ ಪಲ್ಲಾಡಿಯೋ ಎಂಬ ಶಿಲ್ಪಿ ಇದ್ದ. ರೋಮನ್ ದೇವಾಲಯಗಳ ಮುಖವನ್ನು ಶ್ರೀಮಂತರ ತೋಟದ ಮನೆಗಳಿಗೆ ಜೋಡಿಸಿ ಆತ ಹೊಸ ಬಗೆಯ ಮನೆಗಳನ್ನು ಕಟ್ಟಿದ. 1570ರಲ್ಲಿ ಅದರ ಗ್ರಂಥವನ್ನೂ ಪ್ರಕಟಿಸಿದ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದೇ ದೊಡ್ಡವರ ಮನೆಯ ಲಕ್ಷಣವಾಯಿತು. ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್ ಎಂಬ ಮನೆ ಅಂಥದ್ದು. ಅದನ್ನೇ ಮಾದರಿಯಾಗಿಟ್ಟು ಗವರ್ನರ್ ಜನರಲ್ ವೆಲ್ಲೆಸ್ಲಿ 1799ರಿಂದ 1803ರೊಳಗೆ ಕಲ್ಕತ್ತೆಯಲ್ಲಿ ತನ್ನ ಸರಕಾರಿ ಭವನವನ್ನು ಕಟ್ಟಿಸಿದ. ಅಮೆರಿಕದ ಅಧ್ಯಕ್ಷರ ಶ್ವೇತಭವನದಲ್ಲಿ ಅಧ್ಯಕ್ಷರು ವಾಸಕ್ಕೆ ಬಂದದ್ದು 1800ರಲ್ಲಿ. ಹೈದರಾಬಾದಿನ ಕೋಠಿಯನ್ನು ಶ್ವೇತಭವನಕ್ಕೆ ಹೋಲಿಸುವುದು ವಾಡಿಕೆ. ಒಂದು ಇನ್ನೊಂದರ ನಕಲಲ್ಲ. ಎರಡೂ ಒಂದೇ ಗ್ರಂಥದ ಶಿಷ್ಯರು ಎಂದರೆ ಸರಿಯಾದೀತು.

ಆದರೆ ಇಂಗ್ಲೆಂಡಿನಲ್ಲಿ ಕಲ್ಲಿನಿಂದ ಮಾಡುವುದನ್ನು ಇಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಮಾಡಿದ್ದಾರೆ. ನಮ್ಮ ಹಿರಿಯರಿಗೆ ಈ ಕೆಲಸದ ಶ್ರಮ ಗೊತ್ತು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ದಿನಗಟ್ಟಲೆ ಕೊಳೆಹಾಕಿ, ಅರೆದು, ಬೆಲ್ಲದ ನೀರು ಬೆರೆಸಿ ಬಳಸುತ್ತಿದ್ದರು. ದಕ್ಷಿಣದ ಗಾರೆಯವರು ನುಣ್ಣಗೆ ಉಜ್ಜಿ ಮುಗಿಸಿದ ಗೋಡೆ ಅಮೃತಶಿಲೆಯಂತೆ ಹೊಳೆಯುತ್ತಿತ್ತೆಂದು ಆ ಕಾಲದ ಪರದೇಶಿಗಳು ಬೆರಗಾಗಿ ಬರೆದಿದ್ದಾರೆ. ರೂಪ ಇಟಲಿಯದು, ಅಳತೆ ಇಂಗ್ಲಿಷನದು, ಕೈ ಮಾತ್ರ ನಮ್ಮವರದು.

ಹವೆಗೆ ಬೇಕಾದ ಏರ್ಪಾಡುಗಳೂ ಇವೆ. ದಪ್ಪ ಗೋಡೆ, ಎತ್ತರದ ಕೋಣೆ, ಕೆಳಗೆ ತಂಪಾದ ನೆಲಮನೆ. ಮುಖಮಂಟಪ ಉತ್ತರಕ್ಕಿರುವುದರಿಂದ ಡೆಕ್ಕನ್ನಿನ ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುವುದಿಲ್ಲ. ಒಳಗೆ ಕಾಲಿಟ್ಟರೆ ದರಬಾರು ಸಭಾಂಗಣ. ಎರಡು ಅಂತಸ್ತಿನ ಎತ್ತರವನ್ನು ಅದೊಂದೇ ನುಂಗಿದೆ. ಗೋಡೆಗಳ ಮೇಲೆ ಆಳೆತ್ತರದ ಕನ್ನಡಿಗಳು, ಮೇಲೆ ತೂಗುವ ದೀಪಗೊಂಚಲುಗಳು. ದೀಪಗಳು ಇಂಗ್ಲೆಂಡಿನ ಯುವರಾಜನ ಅರಮನೆಗೆಂದು ಮಾಡಿದ್ದವೆಂದೂ, ಅವನಿಂದ ಕೊಂಡು ಇಲ್ಲಿಗೆ ತಂದರೆಂದೂ ಪ್ರತೀತಿ. ಹಿಂದುಗಡೆ ಎರಡು ಪಕ್ಕದಿಂದ ಬಾಗಿ ಮೇಲೇರುವ ಮೆಟ್ಟಿಲಸಾಲು. ದರಬಾರಿಗೆ ಬಂದ ಸರದಾರ ಹೊರಗಿನ 22 ಮೆಟ್ಟಿಲು ಹತ್ತಿ, ಕಂಬಗಳ ನಡುವೆ ಹಾದು, ಕನ್ನಡಿಯಲ್ಲಿ ತನ್ನ ಪುಟ್ಟ ಪ್ರತಿಬಿಂಬವನ್ನು ಕಂಡು, ಆಮೇಲೆ ರೆಸಿಡೆಂಟನ ಮುಂದೆ ನಿಲ್ಲಬೇಕು. ಮಾತಿಗೆ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ಗೋಡೆಯಾಚೆಯ ರಂಗಮಹಲ್

ಇಷ್ಟು ಬಿಂಕದ ಮನೆಯ ಹಿಂದೆ ಒಂದು ಸಂಸಾರದ ಕಥೆಯೂ ಇದೆ. ಕರ್ಕ್‌ಪ್ಯಾಟ್ರಿಕ್ ಹೈದರಾಬಾದಿನ ದೊಡ್ಡ ಮನೆತನದ ಖೈರುನ್ನಿಸಾ ಎಂಬ ತರುಣಿಯನ್ನು ಮದುವೆಯಾಗಿದ್ದ. ಆಕೆ ಮುಂದೆ ದಿವಾನನಾದ ಮೀರ್ ಆಲಂನ ಬಂಧುವರ್ಗಕ್ಕೆ ಸೇರಿದವಳು. ಸಂಗತಿ ಕಲ್ಕತ್ತೆಗೆ ತಿಳಿದು ವೆಲ್ಲೆಸ್ಲಿ ಕಿಡಿಕಿಡಿಯಾದ, ವಿಚಾರಣೆಯೂ ನಡೆಯಿತು. ಆದರೂ ರೆಸಿಡೆಂಟ್ ಆಕೆಯನ್ನು ಬಿಡಲಿಲ್ಲ. ಆಕೆಗಾಗಿ ಆವರಣದಲ್ಲೇ ರಂಗಮಹಲ್ ಎಂಬ ಅಂತಃಪುರವನ್ನು ಹೈದರಾಬಾದಿನ ಶೈಲಿಯಲ್ಲಿ ಕಟ್ಟಿಸಿದ. ಮುಂದೆ ಪಲ್ಲಾಡಿಯೋನ ಕಂಬ, ಹಿಂದೆ ಮೊಗಲರ ಕಾರಂಜಿ.

ಆ ತೋಟದಲ್ಲಿ ಇಡೀ ಕೋಠಿಯ ಒಂದು ಪುಟ್ಟ ಗಾರೆಯ ಮಾದರಿ ಇದೆ. ಗೋಷಾದಲ್ಲಿದ್ದ ಬೇಗಂ ಮನೆಯ ಮುಂಭಾಗಕ್ಕೆ ಬಂದು ನೋಡುವಂತಿರಲಿಲ್ಲವಾದ್ದರಿಂದ, ಗಂಡ ಅದನ್ನು ಅಲ್ಲಿ ಕಟ್ಟಿಸಿಕೊಟ್ಟನೆಂದು ಜನ ಹೇಳುತ್ತಾರೆ. ತನ್ನದೇ ಮನೆಯ ಮುಖವನ್ನು ಬೊಂಬೆಮನೆಯಲ್ಲಿ ನೋಡಬೇಕಾದ ಹೆಣ್ಣಿನ ಈ ಕಥೆ, ಕಥೆಯಾದರೂ ಮನಸ್ಸನ್ನು ಕಲಕುವಂಥದ್ದು.

ಅವರಿಗೆ ಇಬ್ಬರು ಮಕ್ಕಳು. ಮಗ 1801ರಲ್ಲಿ, ಮಗಳು 1802ರಲ್ಲಿ ಹುಟ್ಟಿದರು. ಸಾಹಿಬ್ ಆಲಂ, ಸಾಹಿಬ್ ಬೇಗಂ ಎಂದು ಮನೆಯಲ್ಲಿ ಕರೆಯುತ್ತಿದ್ದರು. 1805ರಲ್ಲಿ ಮಕ್ಕಳನ್ನು ಓದಿಗೆಂದು ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಹೊರಡುವ ಮೊದಲು ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರ ಆ ಇಬ್ಬರ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರ್ 15ರಂದು ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ಕೋಠಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಕಟ್ಟಿಸಿದವನಿಗೆ ಮನೆ ದಕ್ಕಲಿಲ್ಲ. 1813ರಲ್ಲಿ ಖೈರುನ್ನಿಸಾ ಸಹ ಸತ್ತಳು. ತಾಯಿ ಮಕ್ಕಳು ಮತ್ತೆ ಸೇರಲೇ ಇಲ್ಲ.

ಮಗಳು ಇಂಗ್ಲೆಂಡಿನಲ್ಲಿ ಕ್ಯಾಥರಿನ್, ಎಂದರೆ ಕಿಟ್ಟಿ ಕರ್ಕ್‌ಪ್ಯಾಟ್ರಿಕ್ ಆಗಿ ಬೆಳೆದಳು. ಪ್ರಸಿದ್ಧ ಲೇಖಕ ಥಾಮಸ್ ಕಾರ್ಲೈಲನಿಗೆ ಆಕೆಯ ಪರಿಚಯವಿತ್ತು. 1840ರ ದಶಕದಲ್ಲಿ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿ ಷರಫುನ್ನಿಸಾಳ ಜೊತೆ ಆಕೆ ಪತ್ರ ಬರೆಯತೊಡಗಿದಳು. ಅಜ್ಜಿಯ ಪತ್ರ ಪಾರಸಿಯಲ್ಲಿ, ಮೊಮ್ಮಗಳದು ಇಂಗ್ಲಿಷಿನಲ್ಲಿ. ನಡುವೆ ಭಾಷಾಂತರಕಾರ. ಮೂರು ವರ್ಷದ ಮಗುವಾಗಿದ್ದಾಗ ಬಾಯಲ್ಲಿದ್ದ ಮನೆಮಾತು ನಲವತ್ತರ ಹೆಂಗಸಿನ ಬಾಯಲ್ಲಿ ಉಳಿದಿರಲಿಲ್ಲ. ಕರುಳಿನ ಮಾತನ್ನು ಮೂರನೆಯವರಿಂದ ಓದಿಸಿಕೊಳ್ಳಬೇಕಾದ ಈ ಅವಸ್ಥೆಯನ್ನು ಓದಿದಾಗ, ಮಕ್ಕಳು ಮನೆಯ ಭಾಷೆಯಲ್ಲಿ ಅಜ್ಜಿಗೆ ಒಂದು ಕಾರ್ಡು ಬರೆಯಲಾರದೆ ಹೋಗುವ ದಿನದ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಚಿಂತೆ ನೆನಪಾಗದಿರದು. ಕೊಡಂಗಲ್, ತಾಂಡೂರುಗಳ ಕನ್ನಡ ಮನೆಗಳಿಗೂ ಅದೇ ಚಿಂತೆ.

ರಂಗಮಹಲ್ ಇಂದು ಇಲ್ಲ. 1860ರ ಸುಮಾರಿಗೆ ಆಗಿನ ರೆಸಿಡೆಂಟರಿಗೆ ಅದು ನಾಚಿಕೆಯ ಗುರುತಾಗಿ ಕಂಡು ಕೆಡವಿಸಿಬಿಟ್ಟರು. ಇಂಗ್ಲಿಷ್ ಮುಖ ಉಳಿಯಿತು, ಹಿಂದೂಸ್ಥಾನಿ ಒಳಮನೆ ಹೋಯಿತು.

ಕೋಟೆಯಾದ ಕೋಠಿ

ಕೋಠಿಯಲ್ಲಿ ನೆಲದ ವ್ಯವಹಾರ ಮುಂದೆಯೂ ನಿಲ್ಲಲಿಲ್ಲ. ಸೈನ್ಯದ ಖರ್ಚಿನ ಬಾಕಿ ಏರುತ್ತ ಹೋಯಿತು. 1853ರಲ್ಲಿ ರೆಸಿಡೆಂಟ್ ಜಾನ್ ಲೋ ಆ ಬಾಕಿಯ ನೆಪದಲ್ಲಿ ವರ್ಹಾಡ, ಧಾರಾಶಿವ ಸೀಮೆಗಳ ಜೊತೆ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬನ್ನೂ ಕಂಪೆನಿಯ ವಶಕ್ಕೆ ಬರೆಸಿಕೊಂಡ. ಒಂದು ರುಜುವಿನಿಂದ ಕನ್ನಡ ರೈತನ ಒಡೆಯ ಬದಲಾದ. ಏಳೇ ವರ್ಷಗಳಲ್ಲಿ, 1860ರಲ್ಲಿ, ಇನ್ನೊಂದು ರುಜುವಿನಿಂದ ರಾಯಚೂರು ತಿರುಗಿ ನಿಜಾಮನಿಗೆ ಹೋಯಿತು.

ಈ ನಡುವೆ 1857 ಬಂತು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲವಿ ಅಲಾವುದ್ದೀನ್ ಇವರ ಮುಂದಾಳುತನದಲ್ಲಿ ರೋಹಿಲರೂ ಪಟ್ಟಣದ ಜನರೂ ಕೋಠಿಯ ಮೇಲೆ ಏರಿ ಬಂದರು. ಎದುರಿನ ಮನೆಗಳನ್ನು ಹಿಡಿದು ಗುಂಡು ಹಾರಿಸಿದರು. ಕಂಪೆನಿಯ ಫಿರಂಗಿಗಳ ಮುಂದೆ ಅವರು ನಿಲ್ಲಲಾಗಲಿಲ್ಲ. ಅಲಾವುದ್ದೀನನನ್ನು ಅಂಡಮಾನಿಗೆ ಸಾಗಿಸಿದರು. ಆತ ಅಲ್ಲೇ ಸತ್ತ. ತುರ್ರೇಬಾಜ್ ಖಾನ್ ಸೆರೆಯಿಂದ ತಪ್ಪಿಸಿಕೊಂಡು 1859ರಲ್ಲಿ ಗುಂಡಿಗೆ ಬಲಿಯಾದ. ಆಮೇಲೆ ಕೋಠಿಯ ಸುತ್ತಲಿನ ಗೋಡೆಯನ್ನು ಕೋಟೆಯಂತೆ ಬಲಪಡಿಸಿದರು. ಇಂದು ಕೋಠಿ ಬಸ್ ನಿಲ್ದಾಣದ ಬಳಿ ಆ ಹೋರಾಟದ ನೆನಪಿನ ಸ್ಮಾರಕವಿದೆ.

ಕನ್ನಡ ನಾಡಿನ ಸುರಪುರದ ಕಥೆ ಕೂಡ ಹೈದರಾಬಾದಿಗೆ ಬಂದು ಮುಟ್ಟುತ್ತದೆ. ಬೇಡರ ದೊರೆ ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನವನ್ನು ನೋಡಿಕೊಳ್ಳಲು ಬಂದವನು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಅಲ್ಲಿದ್ದ. ಗುಡ್ಡದ ಮೇಲೆ ಆತ ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದಲ್ಲಿ ಪ್ರಸಿದ್ಧ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರ ಫೆಬ್ರುವರಿಯಲ್ಲಿ ಆ ದೊರೆ ಕಂಪೆನಿಯ ವಿರುದ್ಧ ತಿರುಗಿಬಿದ್ದ. ಸುರಪುರ ಕೈತಪ್ಪಿದ ಮೇಲೆ ಹೈದರಾಬಾದಿಗೆ ಬಂದು ಅಡಗಲು ನೋಡಿದ. ದಿವಾನ ಸಾಲಾರ್ ಜಂಗ್ ಅವನನ್ನು ಹಿಡಿಸಿ ರೆಸಿಡೆಂಟ್ ಡೇವಿಡ್‌ಸನ್ನನಿಗೆ ಒಪ್ಪಿಸಿದ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡು ತಗುಲಿ ದೊರೆ ಸತ್ತ. ಸುರಪುರವನ್ನು 1860ರಲ್ಲಿ ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ರಾಯಚೂರು ಹಿಂತಿರುಗಿದ್ದೂ ಆಗಲೇ. ನೆಲ ಕೊಡುವವರು, ಕೊಳ್ಳುವವರು ಇದ್ದರು. ನೆಲದ ಜನರನ್ನು ಕೇಳಿದವರು ಇರಲಿಲ್ಲ.

ಹುಡುಗಿಯರು ಉಳಿಸಿದ ಮನೆ

1947ರಲ್ಲಿ ಬ್ರಿಟಿಷರು ಹೊರಟರು. ಮುಂದಿನ ವರ್ಷ ನಿಜಾಮರ ಆಡಳಿತ ಕೊನೆಗೊಂಡಿತು. ದೊಡ್ಡ ಮನೆ ಬರಿದಾಗಿ ನಿಂತಿತು. ಇಂಥ ಮನೆಗಳ ಗತಿ ಏನಾಗುತ್ತದೆಂದು ನಮಗೆ ಗೊತ್ತಿದೆ. ಬಾಗಿಲಿಗೆ ಬೀಗ, ಮಾಡಿನ ಮೇಲೆ ಅಶ್ವತ್ಥದ ಸಸಿ, ಹತ್ತು ಮಳೆಗಾಲದಲ್ಲಿ ಗೋಡೆ ನೆಲಕ್ಕೆ. ಕೋಠಿಗೆ ಆ ಗತಿ ಬರಲಿಲ್ಲ. 1924ರಲ್ಲಿ ಮೊದಲಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಮಹಿಳಾ ಕಾಲೇಜು 1949ರಲ್ಲಿ ಈ ಮನೆಗೆ ಬಂತು. ಒಂದು ಕಾಲದಲ್ಲಿ ಮನೆಯೊಡತಿಯೇ ಮುಂಬಾಗಿಲಿಗೆ ಬರುವಂತಿರದಿದ್ದ ಕಡೆ, ನೂರಾರು ಹುಡುಗಿಯರು ಆ 22 ಮೆಟ್ಟಿಲು ಹತ್ತಿ ತರಗತಿಗೆ ನಡೆದರು.

ಹಾಗೆಂದು ಮನೆ ಚೆನ್ನಾಗಿತ್ತೆಂದಲ್ಲ. ತಾರಸಿ ಸೋರಿತು, ಗಾರೆ ಉದುರಿತು, ಬಿರುಕು ಬಿಟ್ಟಿತು. ಕಾಲೇಜಿಗೆ ಪಾಠ ಹೇಳುವ ಖರ್ಚಿಗೇ ಸಾಲದಿರುವಾಗ ದೀಪಗೊಂಚಲನ್ನು ಕಾಯುವವರು ಯಾರು? ಕೊನೆಗೆ ಅಪಾಯವೆಂದು ಮುಖ್ಯ ಕಟ್ಟಡದಿಂದ ತರಗತಿಗಳನ್ನೇ ಎತ್ತಬೇಕಾಯಿತು. 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಜಗತ್ತಿನ ಅಳಿವಿನಂಚಿನ 100 ತಾಣಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಆಮೇಲೆ ಹಣ ಒದಗಿತು, ಕೆಲಸ ಮೊದಲಾಯಿತು, ನಿಂತಿತು, ಮತ್ತೆ ನಡೆಯಿತು. ಎರಡು ದಶಕಗಳ ಪ್ರಯತ್ನದ ನಂತರ ಮುಖ್ಯ ಕಟ್ಟಡ ಮತ್ತೆ ಬಣ್ಣ ಕಂಡಿತು. ಸಿಮೆಂಟಿನ ತೇಪೆಗಳನ್ನು ಕಿತ್ತು ಹಳೆಯ ಸುಣ್ಣದ ಗಾರೆಯನ್ನೇ ಬಳಸುವುದು ಇಂಥ ಜೀರ್ಣೋದ್ಧಾರದ ಮೊದಲ ಪಾಠ. ಸುಣ್ಣದ ಗೋಡೆ ಉಸಿರಾಡುತ್ತದೆ, ಸಿಮೆಂಟು ಅದರ ಬಾಯಿ ಕಟ್ಟುತ್ತದೆ. ನಮ್ಮೂರಿನ ಹಳೆಯ ಮನೆ, ದೇವಸ್ಥಾನಗಳನ್ನು ದುರಸ್ತಿ ಮಾಡಿಸುವವರು ಸಹ ಈ ಮಾತನ್ನು ನೆನಪಿಡಬೇಕು.

2022ರಲ್ಲಿ ಕಾಲೇಜು ಮಹಿಳಾ ವಿಶ್ವವಿದ್ಯಾಲಯವಾಯಿತು. 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರಿಟ್ಟರು. ಐಲಮ್ಮ ಬಟ್ಟೆ ಒಗೆಯುವ ಕುಲದಲ್ಲಿ ಹುಟ್ಟಿ, ತಾನು ಬೆಳೆದ ಬೆಳೆ ತನ್ನದೆಂದು ದೇಶಮುಖನ ಎದುರು ನಿಂತ ತೆಲಂಗಾಣದ ರೈತ ಹೆಂಗಸು, 1985ರಲ್ಲಿ ತೀರಿಕೊಂಡವಳು. ಆ ಹೆಸರಿಟ್ಟ ಸರಕಾರದ ಮುಖ್ಯಸ್ಥ ರೇವಂತ ರೆಡ್ಡಿ 2023ರ ಚುನಾವಣೆಯಲ್ಲಿ ಗೆದ್ದದ್ದು ಬೇರೆಲ್ಲಿಂದಲೂ ಅಲ್ಲ, ಕೊಡಂಗಲ್ ಕ್ಷೇತ್ರದಿಂದ. ಕಂದಾಯ ಕೊಟ್ಟ ಊರು ಎರಡು ಶತಮಾನಗಳ ಮೇಲೆ ಆ ಮನೆಯ ಹೆಸರನ್ನು ನಿರ್ಧರಿಸುವ ಕುರ್ಚಿಗೆ ಒಬ್ಬನನ್ನು ಕಳಿಸಿತು ಎಂದರೆ ಅದು ಚರಿತ್ರೆಯ ಸಣ್ಣ ತಮಾಷೆಯೇನಲ್ಲ.

ಎರಡು ಪ್ರಶ್ನೆಗಳು

ಹಳೆಯ ದೊಡ್ಡ ಮನೆಗಳನ್ನು ಕಂಡಾಗ ನಾವು ಕೇಳುವುದು ಒಂದೇ: ಯಾರು ಕಟ್ಟಿಸಿದರು? ಫಲಕದಲ್ಲಿ ಉತ್ತರವಿರುತ್ತದೆ, ಓದಿ ಮುಂದೆ ಹೋಗುತ್ತೇವೆ. ಇನ್ನೆರಡು ಪ್ರಶ್ನೆ ಕೇಳುವುದು ಒಳ್ಳೆಯದು. ಯಾರ ಹಣ? ಈಗ ಯಾರ ಉಪಯೋಗಕ್ಕಿದೆ? ಮೊದಲ ಪ್ರಶ್ನೆಗೆ ಉತ್ತರ ಹುಡುಕಿದರೆ, ಪರರದೆಂದುಕೊಂಡಿದ್ದ ಮನೆಯಲ್ಲಿ ನಮ್ಮ ಪಾಲು ಕಾಣುತ್ತದೆ. ಎರಡನೆಯದಕ್ಕೆ ಉತ್ತರವಿಲ್ಲವಾದರೆ ಆ ಮನೆ ಬೀಳುತ್ತದೆ.

ಕೋಠಿಯಿಂದ ಕಾಚಿಗುಡ ದೂರವಿಲ್ಲ. ಅಲ್ಲಿ ಹೈದರಾಬಾದಿನ ಕನ್ನಡಿಗರು ಕಟ್ಟಿ ಬೆಳೆಸಿದ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಅವಕ್ಕೆ ಕೊರಿಂಥಿಯನ್ ಕಂಬಗಳಿಲ್ಲ, ಸಿಂಹಗಳಿಲ್ಲ. ಯಾವ ಬೊಕ್ಕಸವೂ ಚೀಟಿಯ ನಕ್ಷೆ ನೋಡಿ ಅವಕ್ಕೆ ನೆಲ ಕೊಡಲಿಲ್ಲ. ಮಾನ್ಯಖೇಟದ ಅರಸನ ಹೆಸರನ್ನು ಮೂಸಿಯ ದಂಡೆಯಲ್ಲಿ ಉಳಿಸಿಕೊಂಡ ಆ ಶಾಲೆ ನಿಂತಿರುವುದೂ ಒಳಗೆ ಮಕ್ಕಳು ಕೂರುವುದರಿಂದಲೇ. ಮನೆಯಾಗಲಿ, ಶಾಲೆಯಾಗಲಿ, ಮನೆಮಾತಾಗಲಿ, ಉಳಿಯುವುದು ಬಳಸುವವರಿಂದ. ಹೈದರಾಬಾದಿಗೆ ಹೋಗುವ ನಮ್ಮ ವಾಚಕರು ಚಾರಮಿನಾರನ್ನು ನೋಡಿ ಬರುವಾಗ ಕೋಠಿಯನ್ನೂ ನೋಡಿ ಬರಲಿ. ಹಾಗೆಯೇ ಕಾಚಿಗುಡದ ಕಡೆಗೂ ನಾಲ್ಕು ಹೆಜ್ಜೆ ಹಾಕಲಿ.